ಬೀಜದ ಸುತ್ತ ಕಾವಲು: ಬುಡಕೊಳೆಗೆ ಬ್ಯಾಕ್ಟೀರಿಯಾ ಬಂದ ದಾರಿ



ಶೇಂಗಾ ಬೀಜ ಸುಲಿಯೋ ಕಾಲ ಬಂತು. ತಳಕು, ನಾಯಕನಹಟ್ಟಿ, ಪರಶುರಾಂಪುರ, ದೇವಸಮುದ್ರ, ಯಾವ ಹೋಬಳಿಗೆ ಹೋದರೂ ಈಗ ಇದೇ ಮಾತು. ಬೀಜ ಯಾವುದು, ರೇಟ್ ಎಷ್ಟು, ಬೀಜಕ್ಕೆ ಏನು ಹಚ್ಚಬೇಕು. ಅದರಲ್ಲೂ ಬಹಳ ಜನ ಕೇಳೋದು ಒಂದು: "ಸೂಡೋಮೋನಾಸ್ ಅಂತ ಬಿಳಿ ಪುಡಿ ಕೊಡ್ತಾರಲ್ಲ ಅಣ್ಣ, ಅದರಿಂದ ಏನಾದ್ರೂ ಆಗುತ್ತಾ? ಹೋದ ಸಲ ಹಾಕಿದ್ವಿ, ಆದ್ರೂ ಗಿಡ ಒಣಗಿದ್ವು."

ಹೌದು ಅಥವಾ ಇಲ್ಲ ಅಂತ ಒಂದೇ ಮಾತಲ್ಲಿ ಹೇಳೋಕಾಗಲ್ಲ. ಆ ಪುಡಿಯೊಳಗೆ ಇರೋದು ಏನು, ಅದನ್ನ ಯಾರು ಯಾತಕ್ಕೆ ಹುಡುಕಿದರು, ಎಂಥ ನೆಲದಲ್ಲಿ ಅದು ಗೆದ್ದಿತು, ಎಲ್ಲಿ ಸೋತಿತು ಅನ್ನೋದು ಗೊತ್ತಾದರೆ ನಮ್ಮ ಹೊಲಕ್ಕೆ ಉತ್ತರ ಸಿಗುತ್ತೆ. ಅದಕ್ಕೇ ಇವತ್ತು ಸ್ವಲ್ಪ ಚರಿತ್ರೆ ಬರೀತಿದ್ದೀನಿ. ಉದ್ದ ಇದೆ, ಸಮಾಧಾನವಾಗಿ ಓದಿ.

ಮೊದಲು ರೋಗದ ವಿಚಾರ

ಶೇಂಗಾಕ್ಕೆ ಮಣ್ಣಿನಿಂದ ಬರೋ ಬೂಷ್ಟು ರೋಗಗಳಲ್ಲಿ ನಮ್ಮ ಕಡೆ ಹೆಚ್ಚು ಕಾಡೋದು ಎರಡು. ಬಿತ್ತಿದ ಕೆಲವೇ ವಾರದಲ್ಲಿ ಸಸಿಯ ಕತ್ತಿನ ಹತ್ತಿರ ಕಪ್ಪು ಮಸಿ ಹಿಡಿದು, ಬಾಗಿ, ಸಾಯೋದು ಕತ್ತುಕೊಳೆ. ಅದನ್ನ ತರೋದು ಆಸ್ಪರ್ಜಿಲ್ಲಸ್ ನೈಜರ್ ಅನ್ನೋ ಶಿಲೀಂಧ್ರ. ಅದು ಬೀಜದ ಜೊತೆಗೂ ಬರುತ್ತೆ, ಮಣ್ಣಲ್ಲೂ ಕಾದಿರುತ್ತೆ.

ಎರಡನೆಯದು ಬುಡಕೊಳೆ. ಇದು ಸಾಮಾನ್ಯವಾಗಿ ತಡವಾಗಿ ಬರುತ್ತೆ. ಹೂವಾಗಿ, ಸೂಜಿ ಮಣ್ಣಿಗಿಳಿದು, ಕಾಯಿ ಕಟ್ಟೋ ಹೊತ್ತಿಗೆ ಗಿಡದ ಬುಡದಲ್ಲಿ ಬಿಳಿ ಹತ್ತಿ ನೂಲಿನ ಥರ ಹಬ್ಬುತ್ತೆ. ಆಮೇಲೆ ಆ ನೂಲಿನ ಮೇಲೆ ಸಾಸಿವೆ ಕಾಳಿನಂಥ ಸಣ್ಣ ಗುಂಡುಗಳು ಕಾಣಿಸಿಕೊಳ್ತವೆ, ಮೊದಲು ಬಿಳಿ, ಬಲಿತ ಮೇಲೆ ಕಂದು. ಗಿಡ ಕಿತ್ತರೆ ಬಳ್ಳಿ ಕೈಗೆ ಬರುತ್ತೆ, ಕಾಯಿ ನೆಲದಲ್ಲೇ ಉಳಿಯುತ್ತೆ. ಬೀಜ, ಗೊಬ್ಬರ, ಉಳುಮೆ, ಕಳೆ, ಎಲ್ಲಾ ಖರ್ಚು ಮುಗಿದ ಮೇಲೆ ಬರೋ ರೋಗ ಇದು. ಸಾಲ ಮಾಡಿ ಬಿತ್ತಿದವನಿಗೆ ಇದಕ್ಕಿಂತ ಕೆಟ್ಟ ಹೊತ್ತು ಇನ್ನೊಂದಿಲ್ಲ.

ಈ ರೋಗವನ್ನ ಅಮೆರಿಕದ ಫ್ಲೋರಿಡಾದಲ್ಲಿ ಪೀಟರ್ ಹೆನ್ರಿ ರಾಲ್ಫ್ಸ್ ಅನ್ನೋರು 1892ರಲ್ಲಿ ಟೊಮೆಟೊ ಗಿಡದಲ್ಲಿ ನೋಡಿ ಬರೆದಿಟ್ಟರು. 1911ರಲ್ಲಿ ಇಟಲಿಯ ಸಕಾರ್ಡೊ ಅನ್ನೋ ವಿಜ್ಞಾನಿ ಆ ಶಿಲೀಂಧ್ರಕ್ಕೆ ಅವರ ಹೆಸರನ್ನೇ ಇಟ್ಟು ಸ್ಕ್ಲೆರೋಷಿಯಂ ರಾಲ್ಫ್ಸಿ ಅಂತ ಕರೆದರು. ಆ ಸಾಸಿವೆ ಗುಂಡುಗಳು ಮಣ್ಣಿನಲ್ಲಿ ವರ್ಷಗಟ್ಟಲೆ ಸಾಯದೆ ಇರ್ತವೆ. ಶೇಂಗಾ ಇಲ್ಲ ಅಂದ್ರೆ ಟೊಮೆಟೊ, ಮೆಣಸಿನಕಾಯಿ, ಈರುಳ್ಳಿ, ಕಡಲೆ, ನೂರಾರು ಜಾತಿ ಗಿಡ ಅದಕ್ಕೆ ಊಟ.

ನಮ್ಮ ನೆಲದಲ್ಲಿ ಈ ಗುಂಡುಗಳು ಹೇಗೆ ಕೂಡಿಕೊಂಡವು? ನಮ್ಮ ಹಿರಿಯರ ಕಾಲದಲ್ಲಿ ರೋಗವೇ ಇರಲಿಲ್ಲ ಅಂತ ಕೆಲವರು ಹೇಳ್ತಾರೆ. ಹಾಗೇನಿಲ್ಲ, ಆಗಲೂ ಇತ್ತು. ಆದರೆ ಆಗ ಒಂದೇ ಹೊಲಕ್ಕೆ ವರ್ಷ ವರ್ಷವೂ ಶೇಂಗಾ ಬೀಳ್ತಿರಲಿಲ್ಲ. ನವಣೆ, ಸಜ್ಜೆ, ಜೋಳ, ಹುರುಳಿ ತಿರುಗಾಡ್ತಿದ್ವು. ಬೇಸಿಗೆಯಲ್ಲಿ ಹೊಲದಲ್ಲಿ ಕುರಿ ಮಂದೆ ನಿಲ್ಲಿಸ್ತಿದ್ರು. ತಿಪ್ಪೆ ಗೊಬ್ಬರ ಗಾಡಿಗಟ್ಟಲೆ ಹೋಗ್ತಿತ್ತು.

ಆಮೇಲೆ ಎಣ್ಣೆಗೆ ಬೆಲೆ ಬಂತು. ಚಳ್ಳಕೆರೆಗೆ ಎಣ್ಣೆ ನಗರ ಅಂತ ಹೆಸರು ಬಂದಿದ್ದು ಇಲ್ಲಿನ ಮಿಲ್ಲುಗಳಿಂದ. ತಮಿಳುನಾಡಿನ ತಿಂಡಿವನಂನಿಂದ 1940ರಲ್ಲಿ ಬಿಡುಗಡೆಯಾದ ಟಿ.ಎಂ.ವಿ.-2 ತಳಿ ನಮ್ಮ ಮಳೆಗೆ ಹೊಂದಿಕೊಂಡು ಇಲ್ಲೇ ಊರಿಬಿಟ್ಟಿತು. 1986ರಲ್ಲಿ ಕೇಂದ್ರ ಸರ್ಕಾರ ಎಣ್ಣೆಕಾಳು ತಂತ್ರಜ್ಞಾನ ಮಿಷನ್ ಶುರು ಮಾಡಿದ ಮೇಲೆ ದೇಶದಲ್ಲೆಲ್ಲ ಎಣ್ಣೆಕಾಳಿಗೆ ಒತ್ತು ಬಂತು. ನಮ್ಮಲ್ಲಿ ಶೇಂಗಾದ ಮೇಲೆ ಶೇಂಗಾ. ಮಳೆ ಇಲ್ಲಿ ವರ್ಷಕ್ಕೆ 500 ಮಿಲಿಮೀಟರ್ ಆಸುಪಾಸು, ಬೇರೆ ಏನು ಬಿತ್ತಿದರೂ ರೊಕ್ಕ ಕಾಣಲ್ಲ, ಹಾಗಾಗಿ ರೈತನನ್ನ ಬೈಯೋದೂ ನ್ಯಾಯ ಅಲ್ಲ. ಆದರೆ ಲೆಕ್ಕ ಲೆಕ್ಕವೇ. ಪ್ರತಿ ವರ್ಷ ಮಣ್ಣಿನ ಖಾತೆಗೆ ಸಾಸಿವೆ ಗುಂಡು ಜಮಾ ಆಗ್ತಾ ಹೋಯ್ತು, ಗೊಬ್ಬರ ಖರ್ಚಾಗ್ತಾ ಹೋಯ್ತು.

ಔಷಧಿಗಳು ಬಂದ ದಾರಿ

ಗಿಡದ ಬೂಷ್ಟಿಗೆ ಔಷಧಿ ಅಂತ ಜಗತ್ತಿಗೆಲ್ಲ ಹಬ್ಬಿದ್ದು ಬೋರ್ಡೋ ದ್ರಾವಣ. ಅದು ಸಿಕ್ಕಿದ ಕಥೆ ಚೆನ್ನಾಗಿದೆ. ಫ್ರಾನ್ಸಿನ ಬೋರ್ಡೋ ಊರಿನ ಕಡೆ ದಾರಿ ಪಕ್ಕದ ದ್ರಾಕ್ಷಿಯನ್ನ ಹೋಗೋರು ಬರೋರು ಕಿತ್ತು ತಿಂತಿದ್ದರು. ವಿಷದ ಥರ ಕಾಣಲಿ ಅಂತ ತೋಟದವರು ಮೈಲುತುತ್ತ, ಸುಣ್ಣ ಕಲಸಿ ಬಳ್ಳಿಗೆ ಎರಚಿದರು. 1882ರಲ್ಲಿ ಮಿಲಾರ್ಡೆ ಅನ್ನೋ ಪ್ರಾಧ್ಯಾಪಕರು ನೋಡ್ತಾರೆ, ಎರಚಿದ ಬಳ್ಳಿಗೆ ಬೂಜು ರೋಗ ಇಲ್ಲ, ಎರಚದ ಬಳ್ಳಿ ಎಲೆ ಉದುರಿಸಿದೆ. ಪ್ರಯೋಗ ಮಾಡಿ 1885ರಲ್ಲಿ ಪ್ರಕಟಿಸಿದರು.

ನಮ್ಮ ಮೈಸೂರು ಸೀಮೆಗೆ ಅದನ್ನ ತಂದು ನೆಲೆ ಮಾಡಿದವರು ಲೆಸ್ಲಿ ಕೋಲ್ಮನ್. ಕೆನಡಾದವರು. 1908ರಲ್ಲಿ ಮೈಸೂರು ಸರ್ಕಾರಕ್ಕೆ ಶಿಲೀಂಧ್ರ ಮತ್ತು ಕೀಟ ತಜ್ಞರಾಗಿ ಬಂದು, ಮುಂದೆ ಕೃಷಿ ನಿರ್ದೇಶಕರಾದರು. ಮಲೆನಾಡಿನ ಅಡಿಕೆ ಕೊಳೆರೋಗದ ಮೇಲೆ ಅವರ ವರದಿ 1910ರಲ್ಲಿ ಬಂತು. ಅಲ್ಲಿವರೆಗೆ ಮಲೆನಾಡಿನವರು ಮಳೆ ನೀರು ತಾಗದ ಹಾಗೆ ಅಡಿಕೆ ಗೊನೆಗೆ ಹುಲ್ಲಿನ ಕೊಟ್ಟೆ ಕಟ್ಟಿ ಕಾಪಾಡ್ತಿದ್ದರು. ಕೋಲ್ಮನ್ ಬೋರ್ಡೋ ಸಿಂಪಡಣೆ ಕಲಿಸಿದರು. ನೂರು ವರ್ಷ ದಾಟಿದರೂ ಮಲೆನಾಡಿನಲ್ಲಿ ಅದು ಇವತ್ತಿಗೂ ನಡೀತಿದೆ. ಇಲ್ಲಿ ಒಂದು ವಿಷಯ ಗಮನಿಸಿ. ಕೊಟ್ಟೆಯಾಗಲಿ ಬೋರ್ಡೋ ಆಗಲಿ, ರೋಗ ಬರೋಕೆ ಮುಂಚೆ ಮಾಡಬೇಕಾದ ಕೆಲಸ. ಕೊಳೆತ ಗೊನೆಗೆ ಹೊಡೆದರೆ ಅಡಿಕೆ ವಾಪಸ್ ಬರಲ್ಲ.

ಬೋರ್ಡೋ ಎಲೆಗೆ, ಗೊನೆಗೆ ಸರಿ. ಮಣ್ಣೊಳಗಿನ ರೋಗಕ್ಕೆ ಬೀಜೋಪಚಾರ ಬೇಕಾಯ್ತು. ಮೊದಲು ಬಂದದ್ದು ಪಾದರಸದ ಪುಡಿಗಳು. ಅಗ್ರೋಸಾನ್, ಸೆರೆಸಾನ್ ಅನ್ನೋ ಹೆಸರು ಹಿರಿಯರಿಗೆ ನೆನಪಿರುತ್ತೆ. ರೋಗಕ್ಕೆ ಬಲವಾದ ಮದ್ದೇನೋ ಹೌದು. ಆದರೆ 1971ರ ಕೊನೆಯಲ್ಲಿ ಇರಾಕ್ ದೇಶದಲ್ಲಿ ಪಾದರಸ ಹಚ್ಚಿದ ಬಿತ್ತನೆ ಗೋಧಿಯನ್ನ ಹಳ್ಳಿ ಜನ ರೊಟ್ಟಿ ಮಾಡಿ ತಿಂದರು. ಆರು ಸಾವಿರಕ್ಕೂ ಹೆಚ್ಚು ಜನ ಆಸ್ಪತ್ರೆ ಸೇರಿದರು, ಆಸ್ಪತ್ರೆಯಲ್ಲೇ 459 ಜನ ತೀರಿಕೊಂಡರು. ಬೀಜಕ್ಕೆ ಹಚ್ಚಿದ ಈ ಬಗೆಯ ಪಾದರಸದ ಔಷಧಿಗಳು ನಮ್ಮ ದೇಶದಲ್ಲೂ ನಿಷೇಧವಾದವು.

ಅದರ ಜಾಗಕ್ಕೆ ಥೈರಾಂ, ಕ್ಯಾಪ್ಟಾನ್, ಕಾರ್ಬಾಕ್ಸಿನ್, ಕಾರ್ಬೆಂಡಜಿಂ ಇಂಥವು ಬಂದವು. ಇವುಗಳಲ್ಲಿ ಕೆಲವು ಗಿಡದೊಳಗೇ ಹೋಗಿ ಕೆಲಸ ಮಾಡ್ತವೆ. ಇವುಗಳಿಂದ ರೈತನಿಗೆ ಅನುಕೂಲ ಆಗಿದೆ, ಇವತ್ತಿಗೂ ಆಗ್ತಿದೆ, ಅದನ್ನ ಅಲ್ಲಗಳೆಯೋದು ಬೇಡ. ಆದರೆ ಒಂದೇ ಔಷಧಿಯನ್ನ ಮತ್ತೆ ಮತ್ತೆ ಹೊಡೆದರೆ ಶಿಲೀಂಧ್ರ ಕಲಿತುಬಿಡುತ್ತೆ. ಇದಕ್ಕೆ ಶೇಂಗಾ ಹೊಲದ್ದೇ ಸಾಕ್ಷಿ ಇದೆ. ಅಮೆರಿಕದ ಅಲಬಾಮಾ ರಾಜ್ಯದಲ್ಲಿ ಟಿಕ್ಕಾ ಎಲೆಚುಕ್ಕೆಗೆ ಬೆನೊಮಿಲ್ ಹೊಡೀತಿದ್ದರು. ಅದು ಕಾರ್ಬೆಂಡಜಿಂನ ಖಾಸಾ ಸಂಬಂಧಿ. ಬಳಕೆಗೆ ಬಂದು ಕೆಲವೇ ವರ್ಷ, 1974ರಲ್ಲಿ ವಿಜ್ಞಾನಿಗಳು ಬರೆದರು: ಎಲೆಚುಕ್ಕೆ ಶಿಲೀಂಧ್ರ ಈ ಔಷಧಿಗೆ ಬಗ್ಗುತ್ತಿಲ್ಲ. ಆ ವರದಿ ಬರೆದವರಲ್ಲಿ ಪಾಲ್ ಬ್ಯಾಕ್‌ಮನ್ ಒಬ್ಬರು. ಈ ಹೆಸರು ನೆನಪಲ್ಲಿಡಿ, ಮುಂದೆ ಬ್ಯಾಕ್ಟೀರಿಯಾ ಕಥೆಯಲ್ಲಿ ಮತ್ತೆ ಬರ್ತಾರೆ.

ಬ್ಯಾಕ್ಟೀರಿಯಾ ನಮಗೆ ಹೊಸದಲ್ಲ

ಬ್ಯಾಕ್ಟೀರಿಯಾ ಅಂದ್ರೆ ರೋಗ ತರೋದು ಅನ್ನೋ ಭಾವನೆ ಜನರಲ್ಲಿ ಇದೆ. ಶೇಂಗಾ ರೈತನಿಗೆ ಹಾಗೆ ಅನಿಸಬಾರದು. ಗಿಡ ಕಿತ್ತಾಗ ಬೇರಿನಲ್ಲಿ ಕಾಣೋ ಗಂಟುಗಳು ರೈಜೋಬಿಯಂ ಬ್ಯಾಕ್ಟೀರಿಯಾದ ಮನೆ. ಗಾಳಿಯ ಸಾರಜನಕ ಹಿಡಿದು ಗಿಡಕ್ಕೆ ಕೊಡ್ತವೆ. 1888ರಲ್ಲಿ ಹಾಲೆಂಡಿನ ಬೈಯರಿಂಕ್ ಅದನ್ನ ಗಂಟಿನಿಂದ ಬೇರ್ಪಡಿಸಿ ತೋರಿಸಿದರು. ಅದು ಉಣಿಸೋ ಬ್ಯಾಕ್ಟೀರಿಯಾ. ಕಾವಲು ಕಾಯೋ ಬ್ಯಾಕ್ಟೀರಿಯಾ ಬೇರೆ ಕುಲದವು, ಅವುಗಳ ಕೆಲಸ ಅರ್ಥವಾಗೋಕೆ ಇನ್ನೂ ಕಾಲ ಹಿಡೀತು.

ಅದರಲ್ಲಿ ಒಂದು ಬ್ಯಾಸಿಲಸ್ ಸಬ್ಟಿಲಿಸ್. ಜರ್ಮನ್ ವಿಜ್ಞಾನಿ ಫರ್ಡಿನಾಂಡ್ ಕೋನ್ 1872ರಲ್ಲಿ ಈ ಹೆಸರು ಕೊಟ್ಟರು. ಒಣಹುಲ್ಲು ನೆನೆಸಿದ ನೀರಿನಲ್ಲಿ ಅದು ಸಿಕ್ತಿತ್ತು. ಆ ನೀರನ್ನ ಕುದಿಸಿದರೂ ಮತ್ತೆ ಹುಟ್ಟಿಕೊಳ್ತಿತ್ತು. ಇದೇನು ಅಂತ ನೋಡಿದ ಕೋನ್ 1876ರಲ್ಲಿ ತಿಳಿಸಿದರು: ಕಷ್ಟ ಬಂದಾಗ ಈ ಬ್ಯಾಕ್ಟೀರಿಯಾ ಗಟ್ಟಿ ಚಿಪ್ಪಿನ ಬೀಜಾಣು ಆಗಿ ಮಲಗುತ್ತೆ, ಕುದಿಯೋ ನೀರನ್ನೂ ತಡೆಯುತ್ತೆ, ಒಳ್ಳೆ ಕಾಲ ಬಂದಾಗ ಏಳುತ್ತೆ. ಇದನ್ನೂ ನೆನಪಲ್ಲಿಡಿ. ನಮ್ಮ ಬಯಲುಸೀಮೆ ಬಿಸಿಲಿಗೆ ಇದೇ ಮುಖ್ಯ ಮಾತು.

ರೋಗ ತಡೆಯೋಕೆ ಮಣ್ಣಿನ ಜೀವಿಗಳೇ ಸಾಕು ಅನ್ನೋ ಯೋಚನೆ ಹುಟ್ಟಿದ್ದು ಅಂಗಡಿಯ ಪ್ಯಾಕೆಟ್ಟಿನಿಂದ ಅಲ್ಲ, ಹಸಿರೆಲೆ ಗೊಬ್ಬರದಿಂದ. ಕೆನಡಾದ ಸ್ಯಾನ್‌ಫರ್ಡ್ ಅನ್ನೋರು 1926ರಲ್ಲಿ ಹೀಗೆ ಬರೆದರು: ಹಸಿರು ಗಿಡ ಉತ್ತು ಮಣ್ಣಿಗೆ ಸೇರಿಸಿದರೆ ಆಲೂಗಡ್ಡೆಯ ಕಜ್ಜಿ ರೋಗ ಕಡಿಮೆಯಾಗೋದು, ಅಲ್ಲಿ ಹೆಚ್ಚಾಗೋ ಬೇರೆ ಬ್ಯಾಕ್ಟೀರಿಯಾಗಳು ರೋಗಾಣುವನ್ನ ಹತ್ತಿಕ್ಕೋದರಿಂದ ಇರಬೇಕು. 1931ರಲ್ಲಿ ಅವರೂ ಬ್ರಾಡ್‌ಫುಟ್ ಅನ್ನೋರೂ ಸೇರಿ ಗೋಧಿಯ ಬೇರುಕೊಳೆಗೂ ಮಣ್ಣಿನ ಬೇರೆ ಸೂಕ್ಷ್ಮಜೀವಿಗಳು ತಡೆ ಹಾಕೋದನ್ನ ಪ್ರಯೋಗದಲ್ಲಿ ತೋರಿಸಿದರು. ಮುಂದಿನ ವರ್ಷ, 1932ರಲ್ಲಿ, ವೈಂಡ್ಲಿಂಗ್ ಅನ್ನೋರು ಟ್ರೈಕೋಡರ್ಮಾ ಬೇರೆ ಶಿಲೀಂಧ್ರವನ್ನ ಸುತ್ತಿಕೊಂಡು ತಿನ್ನೋದನ್ನ ವಿವರಿಸಿದರು.

ಇಲ್ಲಿ ಒಂದು ಗೊಂದಲ ಬಿಡಿಸಬೇಕು. ಟ್ರೈಕೋಡರ್ಮಾ ಬ್ಯಾಕ್ಟೀರಿಯಾ ಅಲ್ಲ, ಅದೂ ಶಿಲೀಂಧ್ರವೇ, ಒಳ್ಳೆ ಶಿಲೀಂಧ್ರ. ಶಿಲೀಂಧ್ರನಾಶಕ ಜೊತೆಗೆ ಹಾಕಿದರೆ ಅದೂ ಸಾಯಬಹುದು. ಸೂಡೋಮೋನಾಸ್, ಬ್ಯಾಸಿಲಸ್ ಇವು ಬ್ಯಾಕ್ಟೀರಿಯಾ. ಅಂಗಡಿಯಲ್ಲಿ ಎರಡೂ ಒಂದೇ ಥರ ಪುಡಿಯಾಗಿ ಸಿಕ್ಕೋದರಿಂದ ಎರಡೂ ಒಂದೇ ಅಂತ ಬಹಳ ಜನ ತಿಳ್ಕೊಂಡಿದ್ದಾರೆ.

ಬುಡಕೊಳೆಯ ಮೇಲೇ ಸಿಕ್ಕ ಬ್ಯಾಸಿಲಸ್

ಈಗ ನಮ್ಮ ಬೆಳೆಗೆ ಬರೋಣ. 1971ರಲ್ಲಿ ಬ್ರಾಡ್‌ಬೆಂಟ್, ಬೇಕರ್, ವಾಟರ್‌ವರ್ತ್ ಅನ್ನೋ ಮೂವರು ಆಸ್ಟ್ರೇಲಿಯಾದ ಮಣ್ಣುಗಳಿಂದ ಬೇರುರೋಗ ತಡೆಯೋ ಬ್ಯಾಕ್ಟೀರಿಯಾಗಳನ್ನ ಆರಿಸಿ ಪ್ರಕಟಿಸಿದರು. ಅದರಲ್ಲಿ ಒಂದು ಬ್ಯಾಸಿಲಸ್ ಸಬ್ಟಿಲಿಸ್ ತಳಿಗೆ ಎ-13 ಅಂತ ಗುರುತು ಕೊಟ್ಟರು. ಅದು ಸಿಕ್ಕಿದ್ದು ಎಲ್ಲಿ ಗೊತ್ತಾ? ಕರಗಿ ಸಾಯ್ತಾ ಇದ್ದ ಸ್ಕ್ಲೆರೋಷಿಯಂ ರಾಲ್ಫ್ಸಿಯ ನೂಲಿನ ಮೇಲೆ. ನಮ್ಮ ಶೇಂಗಾ ಬುಡ ತಿನ್ನೋ ಅದೇ ಬೂಷ್ಟನ್ನ ತಿಂದುಕೊಂಡು ಕೂತಿತ್ತು.

ಆ ಎ-13 ತಳಿ ಅಮೆರಿಕದ ಶೇಂಗಾ ನಾಡಿಗೆ ಹೋಯ್ತು. ಔಷಧಿಗೆ ಶಿಲೀಂಧ್ರ ಬಗ್ಗುತ್ತಿಲ್ಲ ಅಂತ 1974ರಲ್ಲಿ ಬರೆದಿದ್ದ ಬ್ಯಾಕ್‌ಮನ್ ಅವರೇ 1980ರ ದಶಕದಲ್ಲಿ ಅಲಬಾಮಾದ ರೈತರ ಹೊಲಗಳಲ್ಲಿ ಬ್ಯಾಸಿಲಸ್ ಬೀಜೋಪಚಾರದ ಪ್ರಯೋಗ ಮಾಡಿದರು. ಟರ್ನರ್ ಅನ್ನೋರ ಜೊತೆ 1991ರಲ್ಲಿ ಅದರ ಫಲ ಪ್ರಕಟವಾಯ್ತು. ಮೊಳಕೆ ಚೆನ್ನಾಯ್ತು, ಬೇರು ಬೆಳೀತು, ಬೇರಿನ ಗಾಯದ ರೋಗ ಕಡಿಮೆಯಾಯ್ತು, ರೈಜೋಬಿಯಂ ಗಂಟು ಕೂಡ ಹೆಚ್ಚಾದವು. ಇಳುವರಿ? ಕೆಲವು ಹೊಲದಲ್ಲಿ ಶೇ 37ರವರೆಗೆ ಹೆಚ್ಚು. ಕೆಲವು ಹೊಲದಲ್ಲಿ ಏನೂ ಲಾಭ ಇಲ್ಲ, ಸ್ವಲ್ಪ ಕಡಿಮೆಯೂ ಬಂದಿದೆ.

ಈ ಕೊನೇ ಮಾತನ್ನ ನಾನು ಬೇಕಂತಲೇ ಒತ್ತಿ ಹೇಳ್ತಿದ್ದೀನಿ. ಪ್ಯಾಕೆಟ್ ಮಾರೋರು 37 ಅಂತ ಮಾತ್ರ ಹೇಳ್ತಾರೆ. ಹಾಕಿ ಬೇಸತ್ತವರು ಏನೂ ಇಲ್ಲ ಅಂತ ಮಾತ್ರ ಹೇಳ್ತಾರೆ. ಇಬ್ಬರೂ ಒಂದೊಂದು ಹೊಲದ ಸತ್ಯ ಹೇಳ್ತಿದ್ದಾರೆ. ಜೀವ ಇರೋ ವಸ್ತು, ನೆಲ ನೋಡಿ ಕೆಲಸ ಮಾಡುತ್ತೆ.

ಸೂಡೋಮೋನಾಸ್ ಬಂದ ದಾರಿ

ಸೂಡೋಮೋನಾಸ್ ಫ್ಲೋರೆಸೆನ್ಸ್ ಕಥೆ ಬೇರೆ. ವಿಶೇಷ ಬೆಳಕಿನಲ್ಲಿ ನೋಡಿದರೆ ಹಳದಿ ಹಸಿರು ಹೊಳೆಯೋದರಿಂದ ಆ ಹೆಸರು. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಕ್ಲೋಪರ್, ಶ್ರಾತ್ ಮತ್ತು ಜೊತೆಗಾರರು 1980ರಲ್ಲಿ ಆ ಹೊಳೆಯೋ ವಸ್ತುವಿನ ಗುಟ್ಟು ಬಿಚ್ಚಿದರು. ಅದು ಮಣ್ಣಿನ ಕಬ್ಬಿಣ ಹಿಡಿಯೋ ಬಲೆ. ನಮ್ಮ ಕೆಂಪು ಮಣ್ಣಿನ ಕೆಂಪು ಬಣ್ಣವೇ ಕಬ್ಬಿಣದ್ದು. ಆದರೂ ಕರಗಿ ಬಾಯಿಗೆ ಸಿಗೋ ಕಬ್ಬಿಣ ಬಹಳ ಕಡಿಮೆ. ಅದನ್ನ ಈ ಬ್ಯಾಕ್ಟೀರಿಯಾ ಮೊದಲೇ ಬಾಚಿಕೊಂಡರೆ ರೋಗದ ಬೂಷ್ಟು ಹಸಿದು ಸೊರಗುತ್ತೆ.

ಅದೇ ದೇಶದ ವಾಷಿಂಗ್ಟನ್ ರಾಜ್ಯದಲ್ಲಿ ಗೋಧಿ ಮೇಲೆ ಗೋಧಿ ಬಿತ್ತೋ ಹೊಲಗಳಿದ್ದವು. ಮೊದಲ ಕೆಲವು ವರ್ಷ ಬೇರುಕೊಳೆ ಜಾಸ್ತಿಯಾಗಿ, ಆಮೇಲೆ ತಾನೇ ತಾನಾಗಿ ಇಳೀತಿತ್ತು. ಜೇಮ್ಸ್ ಕುಕ್, ವೆಲ್ಲರ್, ಥಾಮಶೋ ಅನ್ನೋ ವಿಜ್ಞಾನಿಗಳು ಅದರ ಹಿಂದೆ ಬಿದ್ದರು. ಬೇರಿನ ಸುತ್ತ ಸೂಡೋಮೋನಾಸ್ ಕೂಡಿಕೊಂಡು, ಬೂಷ್ಟಿಗೆ ವಿಷವಾಗೋ ವಸ್ತು ಸ್ರವಿಸ್ತಿದೆ ಅನ್ನೋದು ಗೊತ್ತಾಯ್ತು. ಭೂಮಿ ತನ್ನ ಕಾವಲುಗಾರರನ್ನ ತಾನೇ ಬೆಳೆಸಿಕೊಂಡಿತ್ತು. ಹಾಗಂತ ನಾವೂ ಶೇಂಗಾ ಮೇಲೆ ಶೇಂಗಾ ಬಿತ್ತಿ ಕಾಯಬಹುದಾ ಅಂದ್ರೆ ಬೇಡ. ಆ ಗೋಧಿಯ ರೋಗಕ್ಕೆ ಆದದ್ದು ಎಲ್ಲಾ ರೋಗಕ್ಕೂ ಆಗಲ್ಲ. ನಮ್ಮ ಬುಡಕೊಳೆ ಬಿತ್ತಿದಷ್ಟೂ ಹೆಚ್ಚಾಗೋದನ್ನ ನಾವೇ ನೋಡ್ತಿದ್ದೀವಿ.

ನಮ್ಮ ಕಡೆಗೆ ಇದು ಬಂದದ್ದು ಕೊಯಮತ್ತೂರಿನಿಂದ ಅನ್ನಬಹುದು. ತಮಿಳುನಾಡು ಕೃಷಿ ವಿಶ್ವವಿದ್ಯಾಲಯದ ವಿದ್ಯಾಶೇಖರನ್ ಮತ್ತು ಮುತ್ತಮಿಳನ್ 1995ರಲ್ಲಿ ಕಡಲೆಯ ಸೊರಗು ರೋಗಕ್ಕೆ ಸೂಡೋಮೋನಾಸನ್ನ ಟಾಲ್ಕ್ ಪುಡಿಯಲ್ಲಿ ಬೆರೆಸಿ ಕೊಡೋ ವಿಧಾನ ಪ್ರಕಟಿಸಿದರು. ಮೈಗೆ ಹಾಕೋ ಪೌಡರಿನಲ್ಲಿ ಇರುತ್ತಲ್ಲ, ಅದೇ ಟಾಲ್ಕ್. ಅಲ್ಲಿವರೆಗೆ ಪ್ರಯೋಗಶಾಲೆಯ ಗಾಜಿನ ತಟ್ಟೆಯಲ್ಲಿದ್ದ ಬ್ಯಾಕ್ಟೀರಿಯಾ ಆ ಬಿಳಿ ಪುಡಿಯಿಂದಾಗಿ ಚೀಲ ಸೇರಿತು. ನಮ್ಮ ರಾಜ್ಯದಲ್ಲಿ ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆಯೂ ಇಂಥ ಜೈವಿಕಗಳ ಮೇಲೆ ಕೆಲಸ ಮಾಡಿದೆ. ಅವರ ಅರ್ಕಾ ಮೈಕ್ರೋಬಿಯಲ್ ಕನ್ಸಾರ್ಷಿಯಂ ತರಕಾರಿಯವರಿಗೆ ಗೊತ್ತು.

ನಮ್ಮ ಬಿಸಿಲಿಗೆ ಯಾವುದು

ಈ ಚರಿತ್ರೆಯಿಂದ ನಾನು ಕಂಡುಕೊಂಡ ಮುಖ್ಯ ಮಾತು ಈಗ ಹೇಳ್ತೀನಿ. ಸೂಡೋಮೋನಾಸ್ ಬೀಜಾಣು ಮಾಡಲ್ಲ. ಅದಕ್ಕೆ ಮಲಗಿ ಕಾಯೋ ಚಿಪ್ಪಿಲ್ಲ. ತೇವ ಬೇಕು, 25ರಿಂದ 30 ಡಿಗ್ರಿ ಅದಕ್ಕೆ ಹಿತ. 40 ಡಿಗ್ರಿ ದಾಟಿದರೆ ಅದರ ಬೆಳವಣಿಗೆ ನಿಂತುಹೋಗುತ್ತೆ. ಬ್ಯಾಸಿಲಸ್ ಹಾಗಲ್ಲ, ಕೋನ್ ಕುದಿಸಿದ ನೀರಿನಲ್ಲೂ ಉಳಿದ ಪ್ರಾಣಿ.

ನಮ್ಮ ಮಳೆ ಆಶ್ರಯದ ಮಸಾರೆ ಹೊಲದಲ್ಲಿ ಏನಾಗುತ್ತೆ? ಬಿತ್ತಿದ ಮೇಲೆ ಹದಿನೈದು ದಿನ ಮಳೆ ಕೈಕೊಡೋದು ನಮಗೆ ಮಾಮೂಲು. ಆಗ ಬೀಜದ ಸುತ್ತ ಇರೋ ಸೂಡೋಮೋನಾಸ್ ಬಹುಪಾಲು ಸಾಯುತ್ತೆ. ಬ್ಯಾಸಿಲಸ್ ಕಾಯುತ್ತೆ. ಹಾಗಾಗಿ ಒಣಬೇಸಾಯದ ಶೇಂಗಾ ಬೀಜಕ್ಕೆ ಬ್ಯಾಸಿಲಸ್ ಸಬ್ಟಿಲಿಸ್, ಬೋರ್‌ವೆಲ್ ಡ್ರಿಪ್ ಇರೋ ಈರುಳ್ಳಿ, ಟೊಮೆಟೊ, ದಾಳಿಂಬೆಗೆ ಕೊಟ್ಟಿಗೆ ಗೊಬ್ಬರದ ಜೊತೆ ಸೂಡೋಮೋನಾಸ್, ಇದು ನಮ್ಮ ಎರಡು ತಾಲ್ಲೂಕಿಗೆ ಹೊಂದೋ ಲೆಕ್ಕ ಅಂತ ನನ್ನ ಅಭಿಪ್ರಾಯ. ಅಂಗಡಿಗಳಲ್ಲಿ ಸೂಡೋಮೋನಾಸ್ ಮುಂದೆ ಇರುತ್ತೆ, ಬ್ಯಾಸಿಲಸ್ ಕೇಳಿ ತರಿಸಬೇಕಾಗುತ್ತೆ. ಕೇಳಿದರೆ ತಾನೇ ತರಿಸೋದು.

ಪ್ಯಾಕೆಟ್ ಲೆಕ್ಕ

ಪ್ಯಾಕೆಟ್ ಮೇಲೆ 1×10⁸ ಸಿ.ಎಫ್.ಯು. ಅಂತ ಬರೆದಿರುತ್ತೆ. ಒಂದು ಗ್ರಾಂ ಪುಡಿಯಲ್ಲಿ ಕನಿಷ್ಠ 10 ಕೋಟಿ ಜೀವಂತ ಬ್ಯಾಕ್ಟೀರಿಯಾ ಇರಬೇಕು ಅಂತ ಅರ್ಥ. ಒಂದು ಕೆಜಿ ಬೀಜಕ್ಕೆ 10 ಗ್ರಾಂ ಹಚ್ಚಿದರೆ 100 ಕೋಟಿ ಆಯ್ತು. ಟಿ.ಎಂ.ವಿ.-2 ಕೆಜಿಗೆ ಸುಮಾರು 3000 ಬೀಜ ಬರುತ್ತೆ ಅಂತ ಇಟ್ಟುಕೊಳ್ಳಿ. ಒಂದೊಂದು ಬೀಜಕ್ಕೆ 3 ಲಕ್ಷಕ್ಕಿಂತ ಮೇಲೆ ಕಾವಲುಗಾರರು. ಇದು ಹೊಸ ಪ್ಯಾಕೆಟ್ ಲೆಕ್ಕ. ಅದೇ ಪ್ಯಾಕೆಟ್ಟು ತಗಡಿನ ಶೀಟಿನ ಕೆಳಗೆ ಮಾರ್ಚ್, ಏಪ್ರಿಲ್, ಮೇ ಮೂರು ತಿಂಗಳು ಬೆಂದು, ನೂರಕ್ಕೆ ಒಂದು ಮಾತ್ರ ಉಳಿದಿದ್ದರೆ? ಬೀಜಕ್ಕೆ 3 ಸಾವಿರ. ಪುಡಿ ಅಷ್ಟೇ ಬಿಳಿ, ತೂಕ ಅಷ್ಟೇ, ದುಡ್ಡೂ ಅಷ್ಟೇ. ಕಣ್ಣಿಗೆ ವ್ಯತ್ಯಾಸ ಕಾಣಲ್ಲ.

"ಹಾಕಿದ್ರೂ ಗಿಡ ಒಣಗಿದ್ವು" ಅನ್ನೋ ದೂರಿನ ಒಂದು ಪಾಲು ಇಲ್ಲೇ ಇದೆ. ಥೈರಾಂ ಬಿಸಿಲಲ್ಲಿ ಇಟ್ಟರೂ ಥೈರಾಂ ಆಗೇ ಇರುತ್ತೆ. ಇದು ಹಾಲು ಇದ್ದ ಹಾಗೆ. ತಯಾರಾದ ತಾರೀಕು ನೋಡಿ, ಅಂಗಡಿಯವರು ಎಲ್ಲಿ ಇಟ್ಟಿದ್ದರು ನೋಡಿ, ಮನೆಗೆ ತಂದ ಮೇಲೆ ನೆರಳಲ್ಲಿ ತಂಪು ಜಾಗದಲ್ಲಿ ಇಡಿ. ಹಳೇ ಸ್ಟಾಕ್ ಪುಕ್ಕಟೆ ಕೊಟ್ಟರೂ ಬೇಡ.

ಹಚ್ಚೋ ಕ್ರಮ

ಬೀಜಕ್ಕೆ ಬೆಲ್ಲದ ನೀರು ಅಥವಾ ಅಕ್ಕಿ ಗಂಜಿ ಸ್ವಲ್ಪವೇ ಚಿಮುಕಿಸಿ, ಪುಡಿ ಉದುರಿಸಿ, ಗೋಣಿ ಅಥವಾ ಟಾರ್ಪಾಲಿನ ಮೇಲೆ ಮೆಲ್ಲಗೆ ಹೊರಳಿಸಿ. ಜೋರಾಗಿ ಉಜ್ಜಿದರೆ ಶೇಂಗಾ ಸಿಪ್ಪೆ ಬಿಡುತ್ತೆ, ಸಿಪ್ಪೆ ಬಿಟ್ಟ ಬೀಜಕ್ಕೆ ಕತ್ತುಕೊಳೆ ಬಾಗಿಲು ತೆರೆದ ಹಾಗೆ. ನೆರಳಲ್ಲಿ ಆರಿಸಿ, ಅವತ್ತೇ ಬಿತ್ತಿ. ಟ್ರೈಕೋಡರ್ಮಾ ಆದರೆ ಕೆಜಿಗೆ 4 ಗ್ರಾಂ, ಸೂಡೋಮೋನಾಸ್ 10 ಗ್ರಾಂ. ಬ್ಯಾಸಿಲಸ್ ಪ್ಯಾಕೆಟ್ಟಿನಲ್ಲಿ ಏನು ಬರೆದಿದೆಯೋ ಅಷ್ಟು.

ರಾಸಾಯನಿಕದ ಜೊತೆ ಹಾಕಬಹುದಾ? ಅಮೆರಿಕದಲ್ಲಿ ಆ ಬ್ಯಾಸಿಲಸನ್ನ ಬೀಜದ ಶಿಲೀಂಧ್ರನಾಶಕದ ಜೊತೆಗೇ ಹಚ್ಚಿ ಬಿತ್ತಿದ್ದಾರೆ, ಬೀಜಾಣು ತಡೆಯುತ್ತೆ. ಆದರೆ ಮೈಲುತುತ್ತ, ಕಾಪರ್ ಆಕ್ಸಿಕ್ಲೋರೈಡ್, ಸ್ಟ್ರೆಪ್ಟೋಸೈಕ್ಲಿನ್ ಇವು ಬ್ಯಾಕ್ಟೀರಿಯಾನೇ ಕೊಲ್ಲೋ ಔಷಧಿ. ದಾಳಿಂಬೆಯವರು ಇದನ್ನ ಗಮನಿಸಬೇಕು. ಅಂಗಮಾರಿಗೆ ಅಂತ ಇವತ್ತು ಸ್ಟ್ರೆಪ್ಟೋಸೈಕ್ಲಿನ್, ನಾಳೆ ಅದೇ ಬುಡಕ್ಕೆ ಸೂಡೋಮೋನಾಸ್ ಅಂದ್ರೆ, ಕಾವಲುಗಾರನನ್ನ ನೇಮಿಸಿ ನಾವೇ ಹೊಡೆದ ಹಾಗೆ.

ಮಣ್ಣಿಗೆ ಹಾಕೋರು ಬರೀ ಪುಡಿ ಎರಚಬೇಡಿ. ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರಕ್ಕೆ ಸ್ವಲ್ಪ ಬೇವಿನ ಹಿಂಡಿ ಸೇರಿಸಿ, ಪುಡಿ ಬೆರೆಸಿ, ನೆರಳಲ್ಲಿ ತೇವ ಆರದ ಹಾಗೆ ಮುಚ್ಚಿ ಹದಿನೈದು ದಿನ ಇಡಿ, ನಡುವೆ ಒಂದು ಸಲ ತಿರುವಿ. ಅದು ಗೊಬ್ಬರದಲ್ಲೇ ಬೆಳೆದು ಹೆಚ್ಚಾಗುತ್ತೆ. 1926ರಲ್ಲಿ ಸ್ಯಾನ್‌ಫರ್ಡ್ ಹಸಿರೆಲೆ ಗೊಬ್ಬರದಲ್ಲಿ ಕಂಡದ್ದೂ ಇದೇ. ಊಟ ಇರೋ ಕಡೆ ಜೀವ ಇರುತ್ತೆ. ಕುರಿ ಮಂದೆ ನಿಲ್ಲಿಸಿದ ಹೊಲಕ್ಕೂ ಹತ್ತು ವರ್ಷ ಗೊಬ್ಬರ ಕಾಣದ ಹೊಲಕ್ಕೂ ಒಂದೇ ಪ್ಯಾಕೆಟ್ ಒಂದೇ ಫಲ ಕೊಡಲ್ಲ.

ಯಾವುದಕ್ಕೆ ಆಗಲ್ಲ

ಇದನ್ನೂ ನೇರವಾಗಿ ಹೇಳಿಬಿಡಬೇಕು. ಬುಡ ಬಿಳಿಯಾಗಿ ಗಿಡ ಬಾಡಿದ ಮೇಲೆ ಯಾವ ಬ್ಯಾಕ್ಟೀರಿಯಾನೂ ಅದನ್ನ ಎಬ್ಬಿಸಲ್ಲ. ಶೇಂಗಾದ ಸುಳಿ ಸಾಯೋ ರೋಗ ವೈರಸ್‌ನಿಂದ, ಥ್ರಿಪ್ಸ್ ನುಸಿ ಹರಡುತ್ತೆ, ಬೀಜಕ್ಕೆ ಈ ಪುಡಿ ಹಚ್ಚಿದರೆ ಅದು ನಿಲ್ಲಲ್ಲ. ಸಾಸಿವೆ ಗುಂಡು ತುಂಬಿದ ಹೊಲದಲ್ಲಿ ಒಂದೇ ವರ್ಷಕ್ಕೆ ಸರಿಹೋಗುತ್ತೆ ಅನ್ನೋದೂ ಸುಳ್ಳು. ಅಂಥ ಹೊಲಕ್ಕೆ ಒಂದೆರಡು ವರ್ಷ ಸಜ್ಜೆ, ನವಣೆ, ಜೋಳ ಬೇಕು. ಆಳವಾಗಿ ಮಾಗಿ ಉಳುಮೆ ಮಾಡಿ ಗುಂಡುಗಳನ್ನ ಕೆಳಗೆ ಹಾಕಬೇಕು. ರೋಗದ ಗಿಡ ಬದುವಿನಲ್ಲಿ ಬಿಸಾಕದೆ ಸುಡಬೇಕು.

ಜೀವಾಮೃತ ಹಾಕ್ತೀವಲ್ಲ, ಅದೇ ಸಾಕಲ್ವಾ ಅಂತ ಕೇಳೋರಿದ್ದಾರೆ. ಜೀವಾಮೃತದಲ್ಲಿ ಸಗಣಿಯ ಬ್ಯಾಕ್ಟೀರಿಯಾ ಬೇಕಾದಷ್ಟು ಇರುತ್ತೆ, ಮಣ್ಣಿಗೆ ಒಳ್ಳೇದೇ. ಆದರೆ ಬುಡಕೊಳೆ ತಡೆಯೋ ತಳಿ ಅದರಲ್ಲಿ ಎಷ್ಟಿದೆ ಅಂತ ಎಣಿಸಿ ಹಾಕೋಕಾಗಲ್ಲ. ಎರಡೂ ಮಾಡೋರು ಮಾಡಿ, ಒಂದು ಇನ್ನೊಂದರ ಬದಲು ಅಲ್ಲ.

ಕೊನೆಗೆ ಒಂದು ಕೋರಿಕೆ. ಮಿಲಾರ್ಡೆ ಬೋರ್ಡೋ ಕಂಡುಹಿಡಿದದ್ದು ಎರಚಿದ ಬಳ್ಳಿಯನ್ನ ಎರಚದ ಬಳ್ಳಿ ಪಕ್ಕದಲ್ಲಿಟ್ಟು ನೋಡಿದ್ದರಿಂದ. ನಾವೂ ಹಾಗೇ ಮಾಡೋಣ. ಈ ಮುಂಗಾರಿನಲ್ಲಿ ಬ್ಯಾಕ್ಟೀರಿಯಾ ಹಚ್ಚಿ ಬಿತ್ತೋರು ಅದೇ ಹೊಲದಲ್ಲಿ ನಾಲ್ಕು ಸಾಲು ಹಚ್ಚದೆ ಬಿಡಿ, ಎರಡೂ ಕಡೆ ಗೂಟ ಹೊಡೆಯಿರಿ. ಬಿತ್ತಿದ 20 ದಿನಕ್ಕೆ ಒಂದು ಸಲ, 80 ದಿನಕ್ಕೆ ಒಂದು ಸಲ ಸತ್ತ ಗಿಡ ಎಣಿಸಿ. ಕಿತ್ತಾಗ ಆ ಸಾಲಿನ ಕಾಯಿ ಬೇರೆ ತೂಗಿ. ಮಣ್ಣು ಕೆಂಪೋ ಎರೆಯೋ, ಹಿಂದಿನ ಬೆಳೆ ಯಾವುದು, ಗೊಬ್ಬರ ಹಾಕಿದ್ದು ಯಾವಾಗ, ಪ್ಯಾಕೆಟ್ ತಾರೀಕು ಏನು, ಇಷ್ಟು ಬರೆದಿಡಿ. ಸಂಶಯ ಇದ್ದರೆ ಹಿರಿಯೂರು ಬಬ್ಬೂರು ಫಾರಂನ ಕೃಷಿ ವಿಜ್ಞಾನ ಕೇಂದ್ರಕ್ಕೆ ರೋಗದ ಗಿಡವನ್ನ ಬುಡದ ಮಣ್ಣಿನ ಸಮೇತ ತಗೊಂಡು ಹೋಗಿ ತೋರಿಸಿ.

ಲಾಭ ಬಂದರೂ ಬರೀರಿ, ಬರದಿದ್ದರೂ ಬರೀರಿ. ಅಲಬಾಮಾದವರು ತಮ್ಮ ನೆಲದಲ್ಲಿ ಎಷ್ಟು ಹೆಚ್ಚು, ಎಷ್ಟು ಕಡಿಮೆ ಅಂತ ಬರೆದಿಟ್ಟಿದ್ದರಿಂದಲೇ ಮೂವತ್ತು ವರ್ಷದ ಮೇಲೂ ನಾವು ಓದ್ತಿದ್ದೀವಿ. ನಮ್ಮ ಚಳ್ಳಕೆರೆ, ಮೊಳಕಾಲ್ಮೂರು ಮಣ್ಣಿನ ಲೆಕ್ಕ ನಾವು ಬರೆಯದೆ ಇದ್ದರೆ ಬೇರೆ ಯಾರೂ ಬರೆಯಲ್ಲ.

ಮಳೆ ಚೆನ್ನಾಗಿ ಬರಲಿ.